ಕೆನೆಯ ತಂಬಿಗೆ

ಬಾಸುಂದಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುವವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ರಂಗಂಪೇಟೆಯ ನಮ್ಮ ಮನೆಗೆ ಬನ್ನಿ. ಇವತ್ತು ಸೊಸೆ ಬಾಸುಂದಿಗೆಂದು ಏಲಕ್ಕಿ ಕುಟ್ಟುತ್ತಿದ್ದಳು. ಆ ವಾಸನೆ ನನ್ನನ್ನು ಶಿರವಾಳದ ಬಯಲಿನ ಡೇರೆಗಳಿಗೆ ಎಳೆದೊಯ್ದಿತು.

ನಿಜಾಮರ ಆಳಿಕೆ ಮುಗಿದು ಹೊಸ ಸರ್ಕಾರ ಬಂದ ಕಾಲ. ನಾನು ಸರ್ವೆ ಕ್ಯಾಂಪಿನ ಗುಮಾಸ್ತ. ಬರೆದದ್ದಕ್ಕಿಂತ ಆಕಳಿಸಿದ್ದೇ ಹೆಚ್ಚು. ಅಡುಗೆಯವನು ಕೃಷ್ಣೆಯ ದಂಡೆಯ ಮಾನಪ್ಪ. ಹಳೆಯ ಸಾಹೇಬರು ಹೋಗಿ ಧಾರವಾಡದ ಕಡೆಯ ಹೊಸಬರು ಬಂದರು. ಬಂದವರೇ ಮಾನಪ್ಪನಿಗೆ, “ನಾಳೆ ಮಧ್ಯಾಹ್ನ ಊಟ ನೋಡ್ತೀನಿ. ಹಿಡಿಸಿದ್ರ ಇರು, ಇಲ್ಲಂದ್ರ ನಮ್ಮೂರ ಅಡಗಿಯವನ್ನ ಕರಸ್ತೀನಿ” ಎಂದರು.

ಕೆನೆ ಹಾಕಿದ ಕೋಳಿಸಾರಿಗೆ ಮಾನಪ್ಪ ಹೆಸರಾದವನು. ಕೆನೆ ನಾನೇ ತರುತ್ತೇನೆಂದು ಜಂಬ ಕೊಚ್ಚಿದೆ. ಆಗ ಹತ್ತಿರದ ಸಗರದಲ್ಲಿದ್ದ ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು. ಆದರೆ ಲಿಂಗ ಕಟ್ಟಿದ, ಮಾಂಸ ಮುಟ್ಟದ ಮನೆಯಲ್ಲಿ ಕೋಳಿಯ ಹೆಸರೆತ್ತುವುದು ಹೇಗೆ? “ಸಾಹೇಬ್ರಿಗಿ ಕೆನಿ ಬೇಕಂತವ್ವ” ಎಂದಷ್ಟೇ ಹೇಳಿ ತಂಬಿಗೆ ತುಂಬಿಸಿಕೊಂಡು ಬಂದೆ.

ಮೂರು ಕಲ್ಲಿನ ಒಲೆಯ ಮೇಲೆ ಕೋಳಿ ಬೆಂದು, ಅರೆದ ಗಸಗಸೆ, ಕೊಬ್ಬರಿ ಬಿದ್ದು, ಕೊನೆಗೆ ಕೆನೆಯನ್ನೂ ಸುರಿದಾಯಿತು. ತಂಬಿಗೆ ತೊಳೆಯಹೋದ ನನಗೆ ತಳದಲ್ಲಿ ಕರಗದ ಸಕ್ಕರೆ ಕಂಡಿತು. ಓಡಿಹೋಗಿ ಮಾನಪ್ಪನಿಗೆ ತೋರಿಸಿದೆ. ಅತಿಥಿಗೆಂದರೆ ನಮ್ಮವ್ವ ಸಕ್ಕರೆ, ಏಲಕ್ಕಿ ಬೆರೆಸದೆ ಕೆನೆ ಕೊಟ್ಟವಳೇ ಅಲ್ಲ.

“ರುಚಿ ನೋಡು ಮಾನಪ್ಪ.”

“ನಂದು ಶ್ರಾವಣ ಐತ್ರಿ. ತಿಂಗಳ ಪೂರಾ ಕೋಳಿ ಬಾಯಾಗ ಇಡಂಗಿಲ್ರಿ.”

ಉಳಿದವರೆಲ್ಲ ಸಾಹೇಬರ ಜೊತೆ ಹೊಲದಲ್ಲಿದ್ದರು. ಮಾನಪ್ಪ ಪಾತ್ರೆಯನ್ನೇ ನೋಡುತ್ತ, “ಮನ್ಯಾಗ ಐದ್ ಮಂದಿ ಅದಾರ್ರಿ ಗುಮಾಸ್ತರ” ಎಂದ. ನೀವು ನೋಡ್ರಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಅದೇ ನನಗೆ ಚುಚ್ಚಿತು. ನಿಜ ಮುಚ್ಚಿಟ್ಟು ಕೆನೆ ತಂದವನು ನಾನಲ್ಲವೇ? ಬೆರಳದ್ದಿ ನಾಲಿಗೆಗಿಟ್ಟೆ.

“ಪಾಯಸ ಆಗ್ಯಾದ” ಎಂದೆ.

ಅವನು ಹುಣಸೆ ಹಿಂಡಿದ, ಖಾರ ಸುರಿದ. ನಾನು ಮತ್ತೆ ನೋಡಿದೆ. ಒಟ್ಟು ಐದು ಸಲ ನೋಡಿದೆ. ಮೂರಕ್ಕೇ ರುಚಿ ಕೂಡಿತ್ತು. ಉಳಿದೆರಡನ್ನು ಶಿವನೇ ಕ್ಷಮಿಸಬೇಕು.

ಸಾಹೇಬರು ಬೆರಳು ನೆಕ್ಕಿ, “ಈ ಕೆನಿ ಎಲ್ಲೀದು? ನಾಳೆನೂ ತರಸ್ರಿ” ಎಂದರು. ಮಾನಪ್ಪ ಉಳಿದ. “ಸಾಹೇಬ್ರಿಗಿ ಹಿಡಿಸ್ತೇನಪಾ?” ಎಂದು ಅವ್ವ ಕೇಳಿದಾಗ ಹೂಂ ಎಂದೆ. ಆ ಸಂತೋಷಕ್ಕೆ ಮರುದಿನ ಇನ್ನೊಂದು ಹಿಡಿ ಸಕ್ಕರೆ ಹೆಚ್ಚು ಹಾಕಿದಳು. ಅವಳಿರುವತನಕ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಕೆನೆಯ ಸಿಹಿ ಕಂಡರೆ ಹುಳಿ, ಖಾರ ಬೇಡುವ ಚಟ ಮಾತ್ರ ನಾಲಿಗೆಗೆ ಅಂಟಿತು.

ಇವತ್ತು ಇಷ್ಟನ್ನೂ ಸೊಸೆಗೆ ಹೇಳಿಬಿಟ್ಟೆ. ಅವಳು ಬಾಸುಂದಿ ಬಡಿಸಿದಳು. ಆಮೇಲೆ ಒಳಗೆ ಹೋಗಿ, ಇಷ್ಟು ವರ್ಷ ಬಾಸುಂದಿ ಮಾಡಿದಾಗೆಲ್ಲ ನನ್ನ ಕಣ್ಣು ತಪ್ಪಿಸಿ ಇಡುತ್ತಿದ್ದ ಉಪ್ಪಿನಕಾಯಿಯ ಭರಣಿಯನ್ನೇ ತಂದು ತಾಟಿನ ಪಕ್ಕ ಇಟ್ಟಳು.

“ಹಾಕ್ಕೋರಿ ಮಾವಾರ. ಅಜ್ಜಿಯವರ ಕೆನಿಗಿ ಇದು ಬೇಕಲ್ರಿ” ಎಂದಳು.

ಅವ್ವನಿಗೇ ನಿಜ ಹೇಳಿದಷ್ಟು ಮನಸ್ಸು ಹಗುರಾಯಿತು.