ಕೊಂಬೆಯನ್ನು ಅಡ್ಡಲಾಗಿ ಅಲ್ಲಾಡಿಸಿದವಳು

ಫ್ಲೇವಿಯಾಳ ಎಡಗೈ ಮೇಲೆ ಮೊಣಕೈವರೆಗೂ ನೀಲಿ ಪೆನ್ನಿನ ಬರಹವಿರುತ್ತಿತ್ತು. ಯೋಚನೆ ಬಂದಾಗ ಹಾಳೆ ಹುಡುಕುವ ತಾಳ್ಮೆ ಅವಳಿಗಿರಲಿಲ್ಲ. ನಮ್ಮ ಹಿತ್ತಲಲ್ಲಿ ಲೋಟ ತೊಳೆಯುತ್ತಾ, "ಅಯ್ಯೋ ಆಂಟಿ, ಬೆಳಗ್ಗೆ ಬರೆದಿದ್ದೆಲ್ಲಾ ಸೋಪಲ್ಲಿ ಹೋಯ್ತು!" ಎಂದು ಕೂಗುತ್ತಿದ್ದಳು.

ಆನೇಮಹಲ್‌ನಲ್ಲಿ ನಮ್ಮ ಪಕ್ಕದ ಮನೆಯ ಸಿಸಿಲಿಯಾ ಟೀಚರ ಮಗಳು ಅವಳು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವಳು, ಪ್ರಬಂಧ ಬರೆಯಲೆಂದು ಎರಡು ತಿಂಗಳು ಊರಿಗೆ ಬಂದಿದ್ದಳು. ಮಕ್ಕಳೇ, ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನಿಮ್ಮಜ್ಜಿಗೆ ಎಲೆಕ್ಟ್ರಾನಿನ ಗುಟ್ಟು ಹೇಳಿಕೊಟ್ಟವಳು ಅವಳೇ. ನಿಮ್ಮ ತಾತ ಹೋದ ಮೇಲೆ ನಾನು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳೆದುರು ಅದು ನಡೆಯುತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿದರೆ, "ತಲೆ ಬೇಡ, ಬಾಯಲ್ಲಿ ಹೇಳಿ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ನಾನು ದೋಟಿ ಹಿಡಿದು ನೆಲ್ಲಿಕಾಯಿ ಕೀಳುತ್ತಿದ್ದೆ. ಒಂದು ಕೊಂಬೆಯನ್ನು ಮೇಲಿಂದ ಕೆಳಕ್ಕೆ ಎಷ್ಟು ಜಗ್ಗಿದರೂ ಏನೂ ಬೀಳಲಿಲ್ಲ.

"ಇದ್ರಲ್ಲಿ ಕಾಯಿಲ್ಲ ಕಣೆ, ಬುಡು" ಎಂದೆ.

ಅವಳು ದೋಟಿ ಕಸಿದುಕೊಂಡು ಕೊಂಬೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು. ಪಟಪಟನೆ ಕಾಯಿ ಉದುರಿದವು. ಅವಳ ತಲೆಯ ಮೇಲೂ ನಾಲ್ಕು ಬಿದ್ದವು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ಕೆಳಗೆ ಕುಳಿತುಬಿಟ್ಟಳು.

ಅವಳ ಕೆಲಸವೂ ಉದುರಿಸುವುದೇ. ಹರಳಿನ ಮೇಲೆ ತಕ್ಕ ಬೆಳಕು ಬಿಟ್ಟರೆ ಒಳಗಿನ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಯಾವ ಕೋನದಲ್ಲಿ, ಎಷ್ಟು ಶಕ್ತಿಯಿಂದ ಬಂದವೆಂದು ಅಳೆದರೆ, ಒಳಗೆ ಅವು ಹೇಗೆ ಓಡಾಡುತ್ತವೆಂಬುದು ಹೊಳೆಯುವ ಗೆರೆಗಳ ಚಿತ್ರವಾಗಿ ಸಿಗುತ್ತದೆ. ಅವಳ ಚಿತ್ರದಲ್ಲಿ ಒಂದು ಗೆರೆ ನಡುವೆ ಮಾಯವಾಗಿತ್ತು. ಅಲ್ಲಿ ಎಲೆಕ್ಟ್ರಾನೇ ಇಲ್ಲ, ಇದು ಹೊಸ ಸಂಗತಿ ಎಂದು ಎರಡು ವರ್ಷದಿಂದ ಬರೆಯುತ್ತಿದ್ದಳು.

"ಬೆಳಕೂ ಈ ದೋಟಿ ತರಾನೇ ತೂಗುತ್ತೆ ಆಂಟಿ. ಮೇಲೆ ಕೆಳಗೆ ತೂಗಿದ್ರೆ ಕೆಲವು ಉದುರ್ತವೆ, ಅಡ್ಡ ತೂಗಿದ್ರೆ ಬೇರೆಯವು. ಹೇಗೆ ತೂಗಿದ್ರೆ ಯಾವುದು ಎಷ್ಟು ಉದುರುತ್ತೆ ಅನ್ನೋ ಲೆಕ್ಕಕ್ಕೆ ಮ್ಯಾಟ್ರಿಕ್ಸ್ ಎಲಿಮೆಂಟ್ ಅಂತೀವಿ. ಬಿದ್ದಿದ್ದಷ್ಟನ್ನೇ ನೋಡಿ ಮರದಲ್ಲಿ ಎಷ್ಟಿದೆ ಅಂತ ಹೇಳೋಕಾಗಲ್ಲ."

"ನೀನು ಅಡ್ಡ ಅಲ್ಲಾಡ್ಸಿ ನೋಡಿದೀಯೇನೆ?"

ಅವಳು ಒಂದು ನೆಲ್ಲಿಕಾಯಿಯನ್ನು ಅಂಗೈಯಲ್ಲಿ ಉರುಳಿಸುತ್ತಾ ಕುಳಿತಳು.

"ಇಲ್ಲ. ನಮ್ಮ ಗೈಡ್ ಸರ್ ಬೇಡ ಅಂದ್ರು, ನಾನೂ ಹೂಂ ಅಂದೆ. ಹೆದರಿಕೆ ಆಂಟಿ. ಆ ಗೆರೆ ಬಂದ್ಬಿಟ್ರೆ ನಾನು ಬರೆದಿದ್ದೆಲ್ಲಾ ಸುಳ್ಳು."

"ಗೆರೆ ಬರ್ಲಿಲ್ಲ ಅಂದ್ರೆ?"

"ನಾನೇ ರಾಣಿ!"

"ಅಂಗಾದ್ರೆ ಇಲ್ಲಿ ಯಾಕೆ ಕೂತಿದೀಯ ಮಾರಾಯ್ತಿ? ಹೋಗಿ ನೋಡ್ಬಾರ್ದಾ?"

ಮರುದಿನವೇ ಸರ್ ಜೊತೆ ಫೋನಿನಲ್ಲಿ ಜಗಳವಾಡಿದಳು. ಬೇಲಿಯಾಚೆಗೂ ಕೇಳಿಸುತ್ತಿತ್ತು. ಕೊನೆಗೆ ಲ್ಯಾಬಿನಲ್ಲಿ ಎಲೆಕ್ಟ್ರಾನ್ ಅಳೆಯುವ ಯಂತ್ರದ ಮುಂದೆ ಎರಡು ದಿನ ಸಿಕ್ಕಿತು. ಅವಳು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಹೋಗೆಂದವಳು ನಾನಲ್ಲವೇ?

ಎರಡನೆಯ ದಿನ ಮಧ್ಯಾಹ್ನ ಫೋನು. "ಆಂಟೀ, ಗೆರೆ ಬಂತು! ಬೆಳಕನ್ನ ಅಡ್ಡ ತಿರುಗಿಸಿದ ತಕ್ಷಣ ಪೂರ್ತಿ ಬಂತು!"

"ಅಯ್ಯೋ, ಬಂದ್ಬುಡ್ತಾ?" ಎಂದೆ. ಆಚೆ ಕಡೆ ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಪುಸ್ತಕಗಳನ್ನು ಒಯ್ಯಲು ಅವಳು ಇನ್ನೊಮ್ಮೆ ಬಂದಳು. ನಾವು ಕೊನೆಯ ಸಲ ಸೇರಿದ್ದು ಸಕಲೇಶಪುರ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ. ಎರಡು ಚಿತ್ರಗಳನ್ನು ನನ್ನ ತೊಡೆಯ ಮೇಲಿಟ್ಟಳು. ಒಂದರಲ್ಲಿ ಕತ್ತಲು, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಹೊಳೆಯುವ ಗೆರೆ.

"ಎರಡು ವರ್ಷ ಹೋಯ್ತಲ್ಲೇ, ಬೇಜಾರಿಲ್ವಾ?"

"ಇದೆ ಆಂಟಿ. ಸರ್ ಒಂದು ವಾರ ಮುಖ ಕೊಟ್ಟು ಮಾತಾಡ್ಲಿಲ್ಲ. ಇನ್ನೊಂದು ವರ್ಷ ಬರೀಬೇಕು. ಆದ್ರೆ ನೋಡಿ, ಎಷ್ಟು ಚೆನ್ನಾಗಿದೆ!"

ರೈಲು ಬಂತು. ಆಮೇಲೆ ಟೀಚರು ಮನೆ ಮಾರಿ ಮಂಗಳೂರಿಗೆ ಹೋದರು. ಫ್ಲೇವಿಯಾ ಮತ್ತೆ ಈ ಕಡೆ ಬರಲಿಲ್ಲ. ಅವತ್ತು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವಳೇ ಎದುರಿನ ಅಪರಿಚಿತ ಹೆಂಗಸಿಗೆ ಆ ಎರಡು ಚಿತ್ರ ತೋರಿಸಲು ಶುರುಮಾಡಿದ್ದಳು. ರೈಲು ಹೊರಟಾಗ ನನಗೆ ಕೈ ಬೀಸುವುದನ್ನೇ ಮರೆತಳು.