ಕಂದೀಲಿನ ಟೊಪ್ಪಿಗೆ

ಮದುವೆಯಾದ ಮೇಲೆ ಇಂಗ್ಲಿಷ್ ಕಲಿತವಳು ನಾನು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಹುಚ್ಚು. ದುರ್ಗದಬೈಲಿಗೆ ಕಂದೀಲು ಕೊಳ್ಳಲು ಹೋದಾಗ, ತಗಡಿನ ಕೆಲಸದ ಚಾಚಾ ವಿಲಾಯತಿ ಕಂದೀಲೊಂದನ್ನು ಮುಂದಿಟ್ಟುಕೊಂಡು ಥೇಟ್ ಅಂಥದೇ ಇನ್ನೊಂದನ್ನು ಮಾಡಿದ್ದರು. ಗಾಳಿಗೆ ಆರಬಾರದೆಂದು ತಾವೇ ಯೋಚಿಸಿ ಮೇಲೊಂದು ತಗಡಿನ ಟೊಪ್ಪಿಗೆ ಕೂಡಿಸಿದ್ದರು. ವಿಲಾಯತಿ ಕಂದೀಲಿನ ಅಡಿಯಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಚಿತ್ತಾರವೆಂದು ತಿಳಿದು ಅವನ್ನೂ ಬಿಡದೆ ಕೆತ್ತಿದ್ದರು!

ಓದಿ ಕುಣಿದಾಡಿಬಿಟ್ಟೆ. "ಚಾಚಾ, ಇದು ಪೇಟೆಂಟ್ ಅಂತ್ರಿ! ಯಾರೂ ನಕಲು ಮಾಡಬಾರದಂತ ಬರದಾರ್ರಿ!"

"ಹಂಗಂದ್ರ?"

"ಮೊದಲ ಯಾರು ಕಂಡುಹಿಡಿತಾರ, ಅದು ಅವರದ. ಸರಕಾರದ ಕಾಯ್ದೇರಿ."

ಚಾಚಾರ ಕಣ್ಣು ಮಿಂಚಿದವು. "ಹಂಗಾರ ಟೊಪ್ಪಿಗಿ ನಂದ! ಎದುರಂಗಡಿಯವ ಅದನ್ನ ಕದ್ದಾನ. ನಡೀರಿ ಅಕ್ಕಾರ!"

ಕಾಯ್ದೆಯನ್ನು ನಾನೇ ಮಾಡಿದವಳಂತೆ ಮುಂದೆ ನಡೆದೆ. ಎದುರಂಗಡಿಯ ಕಂದೀಲಿಗೂ ಅದೇ ಟೊಪ್ಪಿಗೆ, ಅಡಿಯಲ್ಲಿ ಅದೇ ಅಕ್ಷರ. ಟೊಪ್ಪಿಗೆಯ ನೆತ್ತಿಯ ಮೇಲೆ ಮಾತ್ರ, ಚಕ್ಕಡಿಗೆ ತೂಗುಹಾಕಲೆಂದು ಹೊಸದೊಂದು ಕೊಂಡಿ ಇತ್ತು. ಬೈಯಲು ಬಾಯಿ ತೆರೆದ ಚಾಚಾ ಆ ಕೊಂಡಿಯನ್ನು ಎಳೆದು ನೋಡಿದರು, ತಿರುವಿ ನೋಡಿದರು.

"ಕಾಯ್ದೆ ನಾಳಿ ನೋಡೂಣ್ರಿ ಅಕ್ಕಾರ," ಎಂದವರೇ ತಮ್ಮ ಸುತ್ತಿಗೆಯ ಕಡೆ ಓಡಿದರು.