ಕಾಗದದ ಇಂಗ್ಲಿಷಿನ ಮಾಸ್ತರು

ಬೆಳಗಿನ ಐದೂವರೆ. ಹೊನ್ನಾವರದ ಬಂದರು ರಸ್ತೆಯಲ್ಲಿ ಮೀನಿನ ಬುಟ್ಟಿ ಇಳಿಸುವವರ ಗದ್ದಲ ಆಗಲೇ ಶುರುವಾಗಿದೆ. ಹಂಚಿನ ಕಟ್ಟಡವೊಂದರ ಮಹಡಿಯಲ್ಲಿ ಲಾಟೀನು ಉರಿಯುತ್ತಿದೆ. ಚಾಪೆಯ ಮೇಲೆ ಎಂಟು ಮಂದಿ ಕೂತು ಬರೆಯುತ್ತಿದ್ದಾರೆ. ಅವರ ನಡುವೆ ಕೆಂಪು ಪೆನ್ಸಿಲ್ ಹಿಡಿದು ಬರಿಗಾಲಲ್ಲಿ ಓಡಾಡುತ್ತಿರುವ ತೆಳ್ಳನೆಯ ಆಸಾಮಿಯೇ ಮಾಸ್ತಿ ದುರ್ಗ ನಾಯ್ಕ. ವಯಸ್ಸು ನಲವತ್ತಾರು. ಹೊನ್ನಾವರ, ಕುಮಟಾ, ಭಟ್ಕಳದ ವ್ಯಾಪಾರಿಗಳಿಗೆ ಇವರು ಇಂಗ್ಲಿಷ್ ಮಾಸ್ತರು.

ಹುಡುಗನೊಬ್ಬ ತಲೆಯೆತ್ತಿ ಗಟ್ಟಿಯಾಗಿ ಒಂದು ಸಂಶಯ ಕೇಳುತ್ತಾನೆ. ಮಾಸ್ತರು ಅಷ್ಟೇ ಗಟ್ಟಿಯಾಗಿ ಕನ್ನಡದಲ್ಲಿ ಉತ್ತರಿಸುತ್ತಾರೆ. ಹೊಸಬರಿಗೆ ಇದರಲ್ಲೇನೂ ವಿಶೇಷ ಕಾಣಿಸದು. ಆದರೆ ಕಳೆದ ತಿಂಗಳವರೆಗೆ ಈ ಕೋಣೆಯಲ್ಲಿ ಪಿಟ್ ಎನ್ನುವ ಹಾಗಿರಲಿಲ್ಲ. ‘ಇಲ್ಲಿ ಮಾತಾಡಬಾರದು’ ಎಂಬ ಹಲಗೆ ಒಂಬತ್ತು ವರ್ಷ ಗೋಡೆಯ ಮೇಲಿತ್ತು. ಸಂಶಯ ಬಂದರೆ ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಎಂಥ ಶಿಸ್ತಿನ ಮಾಸ್ತರೆಂದು ತಂದೆತಾಯಿಗಳು ಮೆಚ್ಚಿ ತಲೆದೂಗುತ್ತಿದ್ದರು. ನಿಜವಾದ ಕಾರಣ ಮಾಸ್ತರೊಬ್ಬರಿಗೇ ಗೊತ್ತಿತ್ತು.

ಇವರು ಕಲಿಸುವುದು ಕಥೆ ಕವನದ ಇಂಗ್ಲಿಷನ್ನಲ್ಲ, ವ್ಯಾಪಾರದ ಕಾಗದ ಬರೆಯುವ ಇಂಗ್ಲಿಷನ್ನು. ದರ ಕೇಳುವ ಕಾಗದ, ಮಾದರಿ ಕಳಿಸುವ ಕಾಗದ, ಮಾಲು ತಡವಾದದ್ದಕ್ಕೆ ಕ್ಷಮೆ ಕೇಳುವ ಕಾಗದ. ದಿನಕ್ಕೆ ಮೂರು ತಂಡ, ಒಟ್ಟು ಇಪ್ಪತ್ತೆರಡು ಮಂದಿ, ಇರುವುದು ಒಂದೇ ಟೈಪ್‌ರೈಟರು. ಕೈಬರಹದಲ್ಲಿ ತಪ್ಪಿಲ್ಲದೆ ಬರೆದವರಿಗೆ ಮಾತ್ರ ಯಂತ್ರ ಮುಟ್ಟುವ ಯೋಗ. ಶುಕ್ರವಾರ ಭಟ್ಕಳದಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಅಂದು ಮಾಸ್ತರು ಲಾಂಚಿನಲ್ಲಿ ಶರಾವತಿ ದಾಟಿ, ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾರೆ. ಕೊಲಂಬೊ, ಮದ್ರಾಸು, ಕಲ್ಕತ್ತೆಗೆ ಅಂಗಡಿ ಕೆಲಸಕ್ಕೆ ಹೊರಟ ಹುಡುಗರು ಕಾದಿರುತ್ತಾರೆ. ಈವರೆಗೆ ಕಲಿತು ಹೋದವರು ಮುನ್ನೂರ ಹನ್ನೊಂದು ಮಂದಿ.

ನಮ್ಮವರಿಗೆ ಕಾಗದವೆಂದರೆ ಮೊದಲು ಕ್ಷೇಮ ಸಮಾಚಾರವಾಗಬೇಕು. ಅಲ್ಲಿ ಮಾಸ್ತರ ಕೆಂಪು ಪೆನ್ಸಿಲ್ ಸರ್ರನೆ ಓಡುತ್ತದೆ. "ಅವ್ನ ಹೆಂಡ್ತಿ ಮಕ್ಳ ಆರೋಗ್ಯ ನಮ್ಗೆಂತಕೆ? ಮಾಲು ಎಷ್ಟು ಬೇಕು ಕೇಳು, ಆತು," ಎನ್ನುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಬೇಡ ಎನ್ನುವ ಕಾಗದವಂತೆ. "ನಮ್ಮೂರ್ನವ್ರಿಗೆ ಇಲ್ಲ ಅಂಬೂದು ಬಾಯಿಗೇ ಬರೂದಿಲ್ಲ. ನೋಡುವಾ ಅಂತ್ರು. ಹಂಗೇ ಇಂಗ್ಲಿಷಲ್ಲಿ ಬರೆದ್ರೆ ಆಚೆಯವ ಹೌದು ಅಂತ ತಿಳ್ಕಂಡಿ ಮಾಲು ಕಳಿಸೇ ಬಿಡ್ತಾ. ಹಂಗೆ ಬಂದ ಮಾಲು ವಾಪಸ್ ಕಳ್ಸೂಕೆ ನಾನೇ ಮೂರು ಕಾಗದ ಬರ್ದಿದ್ದೆ."

ಮಾಸ್ತರು ಹುಟ್ಟಿದ್ದು ಭಟ್ಕಳದ ಹತ್ತಿರದ ಹೆಬಳೆಯಲ್ಲಿ, ಗೇಣಿ ಗದ್ದೆ ಮಾಡುವ ಮನೆಯಲ್ಲಿ. ಶಾಲೆ ಕಂಡದ್ದು ಕನ್ನಡ ನಾಲ್ಕನೇ ಇಯತ್ತೆಯವರೆಗೆ. ಹದಿನಾಲ್ಕನೇ ವಯಸ್ಸಿಗೆ ಆಗಬೋಟು ಹತ್ತಿ ಮುಂಬಯಿಗೆ ಹೋಗಿ, ಒಂದು ರಫ್ತು ಕಂಪನಿಯಲ್ಲಿ ಜವಾನರಾದರು. ಹೋದ ಕಾಗದದ ನಕಲನ್ನು ಆಯಾ ಕಡತಕ್ಕೆ ಸೇರಿಸುವುದು ಇವರ ಕೆಲಸ. ಯಾವುದು ಯಾವ ಕಡತಕ್ಕೆಂದು ತಿಳಿಯಲು ಓದಲೇಬೇಕು. ಹೆಡ್ ಕ್ಲಾರ್ಕ್ ಬಿಸಾಡಿದ, ರಟ್ಟು ಹೋದ ಡಿಕ್ಷನರಿಯೇ ಗುರು. ಇಪ್ಪತ್ಮೂರು ವರ್ಷ ಹೀಗೆ ಕಳೆಯಿತು. ಕೊನೆಗೆ ಕಂಪನಿ ಬಾಗಿಲು ಹಾಕಿದಾಗ, ಸುಡಲು ಇಟ್ಟಿದ್ದ ನಕಲು ಕಾಗದ ಒಂದು ಗೋಣಿಯಷ್ಟು ಬೇಡಿ ತಂದರು. ಇಂದಿಗೂ ಪಾಠದ ಪುಸ್ತಕವೆಂದರೆ ಆ ಗೋಣಿಯೇ.

ಆದರೆ ಅಷ್ಟು ವರ್ಷದಲ್ಲಿ ಅವರೊಂದಿಗೆ ಯಾರೂ ಇಂಗ್ಲಿಷಿನಲ್ಲಿ ಮಾತಾಡಿರಲಿಲ್ಲ. "ಸಾಹೇಬ್ರು ಗಂಟೆ ಹೊಡೀತಿದ್ರು, ನಾ ಓಡ್ತಿದ್ದೆ. ಜವಾನ್ನ ಹತ್ರ ಮಾತೆಂತದು?" ಎಂದು ನಗುತ್ತಾರೆ. ಕಣ್ಣಿಗೆ ಬಂದ ಇಂಗ್ಲಿಷ್ ಕಿವಿಗೂ ಬಾಯಿಗೂ ಬರಲೇ ಇಲ್ಲ. ಇದು ಹೊರಗೆ ಬಿದ್ದರೆ ತರಗತಿಯ ಹೆಸರು ಹಾಳು, ಹೊಟ್ಟೆಪಾಡಿಗೂ ಕುತ್ತು. ಆ ಹಲಗೆ ಗೋಡೆಗೇರಿದ್ದು ಈ ಹೆದರಿಕೆಯಿಂದ.

ಕಳೆದ ತಿಂಗಳು ಹೆದರಿದ್ದೇ ಎದುರಿಗೆ ಬಂತು. ಕತಗಾಲದ ಶ್ರೀಕೃಷ್ಣ ಹೆಗಡೆಯವರದು ಕುಮಟೆಯಲ್ಲಿ ಕಾಳುಮೆಣಸಿನ ಮಂಡಿ. ಎರಡು ವರ್ಷದಿಂದ ಬೆಲ್ಜಿಯಮ್ಮಿನ ವ್ಯಾಪಾರಿಯೊಬ್ಬರಿಗೆ ಅವರ ಪರವಾಗಿ ಕಾಗದ ಬರೆಯುತ್ತಿದ್ದುದು ಮಾಸ್ತರೇ. ಆ ವ್ಯಾಪಾರಿ ಮಾಲು ನೋಡಲು ಖುದ್ದಾಗಿ ಬರುವರೆಂದು ಸುದ್ದಿ ಬಂತು. ಮಾತಾಡಲು ಮಾಸ್ತರು ಬರಬೇಕೆಂದು ಹೆಗಡೆಯವರು ಹೇಳಿ ಕಳಿಸಿದರು. ಮಾಸ್ತರು ಜ್ವರವೆಂದರು. ಹೆಗಡೆಯವರು ತಾವೇ ಬಂದು ನಿಂತರು: "ಜ್ವರ ಇದ್ರೆ ಮಂಡಿಯಲ್ಲೇ ಮಲಗಿ ಮಾಸ್ತರೆ. ನೀವಿಲ್ಲದೆ ಎಂತ ಮಾಡೂದು?" ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮಂಡಿಯಲ್ಲಿ ಹತ್ತಾರು ಜನ ಸೇರಿದ್ದರು. ಅವರಲ್ಲಿ ಮಾಸ್ತರ ಹಳೆಯ ಶಿಷ್ಯರೂ ಇದ್ದರು. ಪರದೇಶದ ವ್ಯಾಪಾರಿ ಕೈಕುಲುಕಿ ನಾಲ್ಕು ಮಾತು ಆಡಿದರು. ಮಾಸ್ತರಿಗೆ ಒಂದಕ್ಷರ ತಿಳಿಯಲಿಲ್ಲ. ಎಲ್ಲರ ಕಣ್ಣೂ ಇವರ ಬಾಯಿಯ ಮೇಲೆ. ಇಲ್ಲದ ಅರ್ಥ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಹೆಗಡೆಯವರ ಒಂದು ವರ್ಷದ ಮೆಣಸು ಆ ಮಾತಿನ ಮೇಲೆ ನಿಂತಿತ್ತು. ಮಾಸ್ತರು ಎಲ್ಲರ ಎದುರಿಗೇ ಹೇಳಿಬಿಟ್ಟರು: "ಹೆಗಡೇರೆ, ನಂಗೆ ಇಂಗ್ಲಿಷ್ ಬರಿಯೂಕೆ ಬತ್ತದೆ. ಮಾತಾಡೂಕೆ ಬರೂದಿಲ್ಲ. ಇಷ್ಟ್ ದಿವ್ಸ ಮುಚ್ಚಿಟ್ಟಿದ್ದೆ."

ಮಾಸ್ತರು ಒಂದು ಹಾಳೆ ಎಳೆದುಕೊಂಡು ತಮಗೆ ಗೊತ್ತಿದ್ದುದನ್ನೇ ಮಾಡಿದರು. ಮಾನ್ಯರೇ ಎಂದು ಶುರುಮಾಡಿ, ತಾವು ಕೇಳಬೇಕಾದುದನ್ನು ದಯವಿಟ್ಟು ಬರಹದಲ್ಲಿ ತಿಳಿಸಬೇಕೆಂದು ವಿನಂತಿಸಿ, ಕೆಳಗೆ ತಾರೀಖು, ಸಹಿ ಹಾಕಿ ಮೇಜಿನಾಚೆ ಸರಿಸಿದರು. ವ್ಯಾಪಾರಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, ನಿಧಾನವಾಗಿ ಉತ್ತರ ಬರೆದರು. ಮಾಸ್ತರು ಅದನ್ನು ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಿದರು: ‘ಮಾನ್ಯರೇ, ತಮ್ಮ ಪತ್ರ ತಲುಪಿ ಬಹಳ ಸಮಾಧಾನವಾಯಿತು. ನಮ್ಮ ಮನೆಮಾತು ಬೇರೆ. ನಾನೂ ಇಂಗ್ಲಿಷನ್ನು ಕಚೇರಿಯ ಕಾಗದದಲ್ಲೇ ಕಲಿತವನು. ಇಂದು ಹೇಗೆ ಮಾತಾಡುವುದೋ ಎಂದು ಮಂಗಳೂರಿನಿಂದ ಹೆದರಿಕೊಂಡೇ ಬಂದೆ.’

ಆಮೇಲೆ ಎರಡು ತಾಸು, ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಕಾಗದ ಬರೆದುಕೊಂಡರು. ಮೆಣಸು ಎಷ್ಟು ಒಣಗಿರಬೇಕು, ಚೀಲ ಎಂಥದ್ದು, ಹಡಗು ಯಾವಾಗ ಎಂಬುದೆಲ್ಲ ಹದಿನಾರು ಹಾಳೆಗಳಲ್ಲಿ ತೀರ್ಮಾನವಾಯಿತು. ಹೆಗಡೆಯವರ ಮಾಲು ಪೂರ್ತಿ ಹೋಯಿತು.

ಸುದ್ದಿ ಮಾಸ್ತರಿಗಿಂತ ಮೊದಲೇ ಹೊನ್ನಾವರ ಮುಟ್ಟಿತ್ತು. ಮರುವಾರ ನಾಲ್ವರು ಬಿಟ್ಟುಹೋದರು. ಒಬ್ಬನ ತಂದೆ ಮನೆ ಬಾಗಿಲಿಗೇ ಬಂದು ಬಾಯಿಗೆ ಬಂದಂತೆ ಅಂದು ಹೋದರು. ಮಾಸ್ತರಿಗೆ ನೋವಾಯಿತು, ಅದನ್ನವರು ಮುಚ್ಚಿಡುವುದಿಲ್ಲ. ಅದೇ ದಿನ ಹಲಗೆ ಕಿತ್ತರು. ಈಗ ಹೊಸಬರು ಸೇರಲು ಬಂದರೆ ಮೊದಲ ಮಾತೇ ಇದು: "ಮಾತಾಡೂಕೆ ಕಲ್ಸೂದಿಲ್ಲ, ನಂಗೇ ಬರೂದಿಲ್ಲ. ಬರಿಯೂಕೆ ಬೇಕಾದ್ರೆ ಕೂತ್ಕ." ತಿಂಗಳಲ್ಲಿ ಏಳು ಮಂದಿ ಹೊಸದಾಗಿ ಕೂತಿದ್ದಾರೆ.

ಭಟ್ಕಳದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿದೆ. ಇವರಲ್ಲಿ ಕಲಿತು ಕೊಲಂಬೊದಲ್ಲಿ ಆರು ವರ್ಷ ಬಟ್ಟೆ ಅಂಗಡಿ ನೋಡಿಕೊಂಡ ಇಸ್ಮಾಯಿಲ್ ಊರಿಗೆ ಬಂದಿದ್ದಾರೆ. ಶುಕ್ರವಾರ ಪಾಠ ಮುಗಿದ ಮೇಲೆ ಅವರು ಮಾಸ್ತರ ಜಾಗದಲ್ಲಿ ನಿಂತು ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತಾರೆ. ಮಾಸ್ತರು ಹುಡುಗರ ನಡುವೆ ಚಾಪೆಯ ಮೇಲೆ ಕೂತು ತಪ್ಪುತಪ್ಪಾಗಿ ಉಚ್ಚರಿಸುತ್ತಾರೆ. ಹುಡುಗರು ನಕ್ಕರೆ ತಾವೂ ನಗುತ್ತಾರೆ.

ಮುಂದೆ ಏನಾಗಬೇಕೆಂದು ಆಸೆ ಎಂದು ಕೇಳಿದರೆ, ಮಾಸ್ತರು ಪೆನ್ಸಿಲ್ ಕೆಳಗಿಡುತ್ತಾರೆ.

"ಒಂಬತ್ತು ವರ್ಷ ದಿನಾ ಹೆದ್ರಕಂಡೇ ಕಲ್ಸಿದೆ. ಇನ್ನೊಂದಷ್ಟು ವರ್ಷ ಹೆದ್ರಿಕೆ ಇಲ್ದೆ ಕಲಸ್ಬೇಕು. ಅಷ್ಟಾದ್ರೆ ಆತು."